ಎರಡು ತಂತಿಯ ಮೇಜು: ಬಲಿಷ್ಠ ಲ್ಯಾಪ್‌ಟಾಪನ್ನು ಡೆಸ್ಕ್‌ಟಾಪ್ ಜಾಗದಲ್ಲಿ ಕೂರಿಸುವ ಸಮಗ್ರ ಮಾರ್ಗದರ್ಶಿ

ಇಡೀ ದಿನ ಲ್ಯಾಪ್‌ಟಾಪ್ ಮೇಲೆ ಬಾಗಿ ಕೆಲಸ ಮಾಡುವವರನ್ನು ಅವರ ಕತ್ತಿನಿಂದಲೇ ಗುರುತಿಸಬಹುದು. ನಾಲ್ಕು ವರ್ಷದ ಹಿಂದೆ ನನ್ನದೂ ಅದೇ ಕತ್ತು. ಹಳೆಯ ಡೆಸ್ಕ್‌ಟಾಪ್ ಪೆಟ್ಟಿಗೆಯನ್ನು ತೆಗೆದು, ಅದರ ಕೆಲಸವನ್ನೆಲ್ಲ ಮಾಡಬಲ್ಲ ಬಲಿಷ್ಠ ಲ್ಯಾಪ್‌ಟಾಪ್ ತಂದಿದ್ದೆ. ಪ್ರೊಸೆಸರ್, ಗ್ರಾಫಿಕ್ಸ್, ಮೆಮೊರಿಗಳನ್ನು ವಾರಗಟ್ಟಲೆ ಹೋಲಿಸಿ ನೋಡಿದ್ದೆ. ಆ ಯಂತ್ರ ಮೇಜಿನ ಮೇಲೆ ಹೇಗೆ ಕೂರಬೇಕು ಎಂಬುದನ್ನು ಮಾತ್ರ ಒಂದು ಗಳಿಗೆಯೂ ಯೋಚಿಸಿರಲಿಲ್ಲ. ಮೊದಲ ವರ್ಷವೆಲ್ಲ ಕತ್ತು ನೋವು, ಫ್ಯಾನಿನ ಗದ್ದಲ, ಚಾರ್ಜಿಗೆ ಹಾಕಿದ್ದಾಗಲೇ ಇಳಿಯುವ ಬ್ಯಾಟರಿ ಇವುಗಳೊಡನೆ ಏಗಿದೆ.

ಆಮೇಲೆ ಒಂದೊಂದಾಗಿ ಸರಿಪಡಿಸುತ್ತ ಹೋದಾಗ ನನಗೆ ಮನದಟ್ಟಾದದ್ದು ಇಷ್ಟು: ಲ್ಯಾಪ್‌ಟಾಪ್ ಡೆಸ್ಕ್‌ಟಾಪ್ ಆಗುವುದು ಅದರ ಮೇಜಿನಿಂದ. ಬಂದು ಕೂತು ಕೆಲಸ ಶುರುಮಾಡಲು ಐದು ತಂತಿ ಚುಚ್ಚಬೇಕಾದರೆ ನಾಲ್ಕನೇ ದಿನಕ್ಕೆ ಬೇಸರ ಹುಟ್ಟುತ್ತದೆ. ದೊಡ್ಡ ಪರದೆ ಅಲ್ಲೇ ಕಪ್ಪಾಗಿ ನಿಂತಿರುತ್ತದೆ, ನೀವು ಮತ್ತೆ ಪುಟ್ಟ ಪರದೆಯ ಮೇಲೆ ಬಾಗಿರುತ್ತೀರಿ. ಹಾಗೆಂದು ಎಲ್ಲವನ್ನೂ ಒಂದೇ ತಂತಿಯಲ್ಲಿ ಮುಗಿಸುತ್ತೇವೆ ಎಂಬ ಜಾಹೀರಾತಿನ ಮಾತನ್ನೂ ನಂಬಬೇಡಿ. ಶಕ್ತಿಶಾಲಿ ಯಂತ್ರಕ್ಕೆ ಸರಿಯಾದ ಲೆಕ್ಕ ಎರಡು ತಂತಿ: ವಿದ್ಯುತ್ತಿಗೊಂದು, ಉಳಿದದ್ದಕ್ಕೆಲ್ಲ ಒಂದು. ಏಕೆ ಎಂಬುದು ಮೂರನೆಯ ಹಂತದಲ್ಲಿ ತಿಳಿಯುತ್ತದೆ.

ಹಂತ 1: ನಿಮಗೆ ಇದು ಬೇಕೇ ಎಂದು ನಿರ್ಧರಿಸಿ

ವಾರಕ್ಕೆ ಒಂದೆರಡು ಸಲವಾದರೂ ಕಂಪ್ಯೂಟರನ್ನು ಬೇರೆ ಕಡೆ ಒಯ್ಯುತ್ತೀರಾ? ಇಲ್ಲವಾದರೆ ಇಲ್ಲಿಗೇ ನಿಲ್ಲಿಸಿ, ಡೆಸ್ಕ್‌ಟಾಪ್ ಕೊಳ್ಳಿ. ಅದೇ ಹಣಕ್ಕೆ ಹೆಚ್ಚು ವೇಗ, ಕಡಿಮೆ ಗದ್ದಲ, ಕೆಟ್ಟ ಭಾಗವನ್ನಷ್ಟೇ ಬದಲಿಸುವ ಅನುಕೂಲ ಸಿಗುತ್ತದೆ.

ಹೆಸರು ಒಂದೇ ಇದ್ದ ಮಾತ್ರಕ್ಕೆ ಶಕ್ತಿ ಒಂದೇ ಇರುವುದಿಲ್ಲ. ಡೆಸ್ಕ್‌ಟಾಪಿನ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡು 450 ವ್ಯಾಟ್‌ವರೆಗೆ ವಿದ್ಯುತ್ ಎಳೆಯುತ್ತದೆ, ಅದರಲ್ಲಿ 24 ಜಿಬಿ ಮೆಮೊರಿ ಇರುತ್ತದೆ. ಅದೇ ಹೆಸರು ಹೊತ್ತ ಲ್ಯಾಪ್‌ಟಾಪ್ ಚಿಪ್ಪಿಗೆ ತಯಾರಕರು 80ರಿಂದ 150 ವ್ಯಾಟ್ ನಡುವೆ ಎಷ್ಟನ್ನಾದರೂ ನಿಗದಿಮಾಡಬಹುದು. ಮೆಮೊರಿ 16 ಜಿಬಿ. ಒಳಗಿರುವ ಸಿಲಿಕಾನ್ ಕೂಡ ಬೇರೆ, ಡೆಸ್ಕ್‌ಟಾಪಿನ 4080ರ ವರ್ಗಕ್ಕೆ ಸೇರಿದ್ದು. ಪ್ರೊಸೆಸರಿನಲ್ಲೂ ಇದೇ ಕಥೆ: ಕೋರ್ ಐ9-14900ಎಚ್‌ಎಕ್ಸ್‌ಗೆ ಇಂಟೆಲ್ ಹೇಳುವ ಮೂಲ ವಿದ್ಯುತ್ 55 ವ್ಯಾಟ್, ಡೆಸ್ಕ್‌ಟಾಪಿನ 14900ಕೆಗೆ 125 ವ್ಯಾಟ್. ಕೋಡ್ ಬರೆಯುವುದು, ಚಿತ್ರ ತಿದ್ದುವುದು, ವಿಡಿಯೋ ಸಂಕಲನ ಮಾಡುವುದು ಇಂಥ ಕೆಲಸಗಳಲ್ಲಿ ಭಾರ ಬಿಟ್ಟುಬಿಟ್ಟು ಬೀಳುತ್ತದೆ. ಅವುಗಳಲ್ಲಿ ಈ ಅಂತರ ಅಷ್ಟಾಗಿ ಕಾಣುವುದಿಲ್ಲ. ರಾತ್ರಿಯಿಡೀ ಓಡುವ ರೆಂಡರಿಂಗ್ (ದೃಶ್ಯಗಳನ್ನು ಲೆಕ್ಕಹಾಕಿ ಅಂತಿಮ ಚಿತ್ರವಾಗಿಸುವುದು) ಅಥವಾ ಎಐ ಮಾದರಿಗಳ ತರಬೇತಿಯಲ್ಲಿ ಅದು ಎದ್ದು ಕಾಣುತ್ತದೆ.

ಹಂತ 2: ಯಂತ್ರದ ಬೆನ್ನು, ಹೊಟ್ಟೆ ನೋಡಿ ಆರಿಸಿ

ಲ್ಯಾಪ್‌ಟಾಪ್ ಈಗಾಗಲೇ ಕೈಯಲ್ಲಿದ್ದರೆ ಮುಂದಿನ ಹಂತಕ್ಕೆ ಹೋಗಿ. ಕೊಳ್ಳುವವರು ಪ್ರೊಸೆಸರ್ ಹೆಸರಿಗಿಂತ ಮೊದಲು ನೋಡಬೇಕಾದವು ಬೇರೆ ಇವೆ.

ಗಾಳಿ ಎಲ್ಲಿಂದ ಒಳಬರುತ್ತದೆ, ಎಲ್ಲಿಂದ ಹೊರಹೋಗುತ್ತದೆ? ಕೆಲವು ಯಂತ್ರಗಳು ಕೀಬೋರ್ಡಿನ ಸಂದುಗಳಿಂದಲೂ ಗಾಳಿ ಎಳೆಯುತ್ತವೆ. ಮುಚ್ಚಳ ಮುಚ್ಚಿ ಬಳಸುವ ಯೋಚನೆಯಿದ್ದರೆ ಅಂಥವು ಬೇಡ. ಬಿಸಿಗಾಳಿ ಬಲಬದಿಯಿಂದ ಹೊರಬಂದರೆ ಮೌಸ್ ಹಿಡಿದ ಕೈಗೆ ಅದು ನೇರ ಬಡಿಯುತ್ತದೆ. ವಿದ್ಯುತ್ ಮತ್ತು ಪರದೆಯ ಪೋರ್ಟುಗಳು ಹಿಂಬದಿಯಲ್ಲಿದ್ದರೆ ಮೇಜು ಅಚ್ಚುಕಟ್ಟಾಗಿರುತ್ತದೆ.

ಮೆಮೊರಿಯನ್ನು ಬೋರ್ಡಿಗೇ ಬೆಸೆದಿದ್ದಾರೋ, ಬದಲಿಸಬಹುದೋ ಕೇಳಿ ತಿಳಿದುಕೊಳ್ಳಿ. ಬೆಸೆದಿದ್ದರೆ ಐದು ವರ್ಷಕ್ಕೆ ಸಾಲುವಷ್ಟನ್ನು ಮೊದಲೇ ಕೊಳ್ಳಿ. ನನ್ನ ಮಟ್ಟಿಗೆ ಅದು ಕನಿಷ್ಠ 32 ಜಿಬಿ. ಕಡತಗಳನ್ನಿಡುವ ಎಸ್‌ಎಸ್‌ಡಿಯನ್ನು ಕೂರಿಸಲು ಎಂ.2 ಎಂಬ ಎರಡು ಜಾಗಗಳಿದ್ದರೆ ಒಳ್ಳೆಯದು. ಬ್ಯಾಟರಿಯನ್ನು 80% ದಾಟದಂತೆ ತಡೆಯುವ ಸೌಲಭ್ಯ ತಯಾರಕರ ತಂತ್ರಾಂಶದಲ್ಲಿ ಇರಲೇಬೇಕು. ಅದಿಲ್ಲದ ಯಂತ್ರವನ್ನು ಈ ಕೆಲಸಕ್ಕೆ ನಾನು ಕೊಳ್ಳುವುದಿಲ್ಲ.

ವಿಮರ್ಶೆ ಓದುವಾಗ ಮೊದಲ ಪರೀಕ್ಷೆಯ ಅಂಕವನ್ನು ಬಿಟ್ಟು, ಅದೇ ಪರೀಕ್ಷೆಯನ್ನು ಅರ್ಧ ಗಂಟೆ ಸತತವಾಗಿ ಓಡಿಸಿದಾಗ ಬಂದ ಅಂಕ ನೋಡಿ. ಮೊದಲ ಎರಡು ನಿಮಿಷ ಎಲ್ಲ ಲ್ಯಾಪ್‌ಟಾಪುಗಳೂ ಶೂರರೇ.

ಹಂತ 3: ವ್ಯಾಟ್ ಲೆಕ್ಕ ಹಾಕಿ

ಹೆಚ್ಚಿನವರು ಎಡವುವುದು ಇಲ್ಲೇ. ನಾನೂ ಇಲ್ಲೇ ಎಡವಿದ್ದು.

ಯುಎಸ್‌ಬಿ-ಸಿ ಮೂಲಕ ವಿದ್ಯುತ್ ಕೊಡುವ ಪವರ್ ಡೆಲಿವರಿ ಪದ್ಧತಿಯಲ್ಲಿ ಬಹುಕಾಲ 100 ವ್ಯಾಟ್ ಗರಿಷ್ಠ ಮಿತಿಯಾಗಿತ್ತು: 20 ವೋಲ್ಟ್, 5 ಆಂಪಿಯರ್. 2021ರಲ್ಲಿ ಬಂದ 3.1 ಆವೃತ್ತಿ ಅದನ್ನು 240 ವ್ಯಾಟ್‌ಗೆ ಏರಿಸಿದೆ. ಆದರೆ ಅಷ್ಟನ್ನು ಪಡೆಯಲು ಚಾರ್ಜರ್, ಕೇಬಲ್, ಲ್ಯಾಪ್‌ಟಾಪ್ ಮೂರೂ ಅದಕ್ಕೆ ಒಪ್ಪಬೇಕು, ಮತ್ತು ಒಂದೇ ತಂತಿಯಿಂದ ಪರದೆ, ಕೀಬೋರ್ಡ್ ಮುಂತಾದವನ್ನೆಲ್ಲ ಲ್ಯಾಪ್‌ಟಾಪಿಗೆ ಜೋಡಿಸುವ ಸಾಧನಗಳಾದ, ಮಾರುಕಟ್ಟೆಯಲ್ಲಿರುವ ಹೆಚ್ಚಿನ ಡಾಕ್‌ಗಳು ಲ್ಯಾಪ್‌ಟಾಪಿಗೆ ಕೊಡುವುದು 60ರಿಂದ 100 ವ್ಯಾಟ್ ಮಾತ್ರ. ಡಾಕಿನ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ಸಂಖ್ಯೆ ಎಷ್ಟೋ ಸಲ ಅದರ ಅಡಾಪ್ಟರಿನದು. ಅದರಲ್ಲಿ ಡಾಕ್ ತನಗೆಂದು ಒಂದು ಪಾಲು ಇಟ್ಟುಕೊಳ್ಳುತ್ತದೆ.

ಈಗ ನಿಮ್ಮ ಲ್ಯಾಪ್‌ಟಾಪಿನ ಜೊತೆ ಬಂದ ಚಾರ್ಜರನ್ನು ತಿರುಗಿಸಿ ನೋಡಿ. ಅದರ ಮೇಲೆ ವೋಲ್ಟ್ ಮತ್ತು ಆಂಪಿಯರ್ ಅಚ್ಚಾಗಿರುತ್ತವೆ. ಎರಡನ್ನೂ ಗುಣಿಸಿದರೆ ವ್ಯಾಟ್. ಉದಾಹರಣೆಗೆ 20 ವೋಲ್ಟ್, 11.5 ಆಂಪಿಯರ್ ಎಂದರೆ 230 ವ್ಯಾಟ್. ಗ್ರಾಫಿಕ್ಸ್ ಚಿಪ್ ಇರುವ ದೊಡ್ಡ ಯಂತ್ರಗಳ ಚಾರ್ಜರುಗಳು 330 ವ್ಯಾಟ್‌ವರೆಗೂ, ಕೆಲವು ಅದಕ್ಕಿಂತ ಹೆಚ್ಚೂ ಇರುತ್ತವೆ.

ಭಾರದ ಕೆಲಸದಲ್ಲಿ ಯಂತ್ರ 180 ವ್ಯಾಟ್ ಬೇಡುತ್ತದೆ, ಡಾಕ್ 100 ಕೊಡುತ್ತದೆ ಎನ್ನಿ. ಉಳಿದ 80 ಬ್ಯಾಟರಿಯಿಂದ ಬರಬೇಕು. 90 ವ್ಯಾಟ್-ಗಂಟೆಯ ಬ್ಯಾಟರಿ ಒಂದು ಗಂಟೆ ಏಳೆಂಟು ನಿಮಿಷಕ್ಕೆ ಬರಿದಾಗುತ್ತದೆ, ತಂತಿ ಚುಚ್ಚಿದ್ದಾಗಲೇ. ಅನೇಕ ಯಂತ್ರಗಳು ಹೀಗಾಗಲು ಬಿಡದೆ ಮೊದಲೇ ವೇಗವನ್ನು ಇಳಿಸಿಬಿಡುತ್ತವೆ. ಆಗ ನೀವು ಕೊಟ್ಟ ಹಣದ ಅರ್ಧ ಯಂತ್ರವಷ್ಟೇ ದುಡಿಯುತ್ತದೆ. ನನ್ನ ಮೊದಲ ಡಾಕ್ 60 ವ್ಯಾಟಿನದು. ವಿಡಿಯೋ ಒಂದನ್ನು ಸಿದ್ಧಪಡಿಸಲು ಹಾಕಿ ಊಟಕ್ಕೆ ಹೋಗಿ ಬಂದಾಗ ಯಂತ್ರ ಆರಿಹೋಗಿತ್ತು. ವಿದ್ಯುತ್ ಹೋಗಿರಬೇಕೆಂದು ದೀಪದ ಸ್ವಿಚ್ ಒತ್ತಿ ನೋಡಿದೆ, ದೀಪ ಹತ್ತಿತು.

ಆದ್ದರಿಂದ ನಿಯಮ ಸರಳ. ಮೂಲ ಚಾರ್ಜರ್ 100 ವ್ಯಾಟ್ ಅಥವಾ ಅದಕ್ಕಿಂತ ಕಡಿಮೆಯಾದರೆ ಒಂದೇ ತಂತಿ ಸಾಕು, ಡಾಕ್ ಅಷ್ಟನ್ನು ಕೊಡುತ್ತದೆಯೇ ಎಂದು ಮಾತ್ರ ಖಚಿತಪಡಿಸಿಕೊಳ್ಳಿ. ಅದಕ್ಕಿಂತ ಹೆಚ್ಚಿದ್ದರೆ ಮೂಲ ಚಾರ್ಜರನ್ನೇ ಪ್ರತ್ಯೇಕವಾಗಿ ಚುಚ್ಚಿ, ಡಾಕನ್ನು ಪರದೆ ಮತ್ತು ಉಳಿದ ಸಾಧನಗಳಿಗಷ್ಟೇ ಬಿಡಿ. ಎರಡೂ ಚುಚ್ಚಿದ್ದರೆ ತೊಂದರೆಯಿಲ್ಲ. ಸಾಮಾನ್ಯವಾಗಿ ಯಂತ್ರ ದೊಡ್ಡ ಚಾರ್ಜರನ್ನೇ ಆರಿಸಿಕೊಳ್ಳುತ್ತದೆ. ಚೀಲದಲ್ಲಿ ಒಯ್ಯಲು ಹಗುರವಾದ 100 ವ್ಯಾಟಿನ ಚಾರ್ಜರ್ ಬೇರೆ ಇಟ್ಟುಕೊಳ್ಳಿ. ದೊಡ್ಡದು ಮೇಜನ್ನು ಬಿಟ್ಟು ಕದಲಬಾರದು.

ಹಂತ 4: ಎರಡನೆಯ ತಂತಿಯನ್ನು ಆರಿಸಿ

ಯುಎಸ್‌ಬಿ-ಸಿ ಎಂಬುದು ಕಿಂಡಿಯ ಆಕಾರದ ಹೆಸರು. ಅದರೊಳಗೆ ಏನು ಹರಿಯುತ್ತದೆ ಎಂಬುದು ಬೇರೆ ಮಾತು. ಒಂದೇ ಲ್ಯಾಪ್‌ಟಾಪಿನಲ್ಲಿ ಪಕ್ಕಪಕ್ಕ ಇರುವ ಎರಡು ಕಿಂಡಿಗಳಲ್ಲಿ ಒಂದು ಪರದೆಗೆ ಚಿತ್ರ ಕಳಿಸಬಹುದು, ಇನ್ನೊಂದು ಕಳಿಸದೇ ಇರಬಹುದು. ಕೈಪಿಡಿ ತೆರೆದು ಪ್ರತಿ ಪೋರ್ಟಿನ ಮುಂದೆ ಏನು ಬರೆದಿದೆ ಎಂದು ಓದಿ. ಈ ಹತ್ತು ನಿಮಿಷ ನಿಮ್ಮ ಮುಂದಿನ ಹತ್ತು ಸಂಜೆಗಳನ್ನು ಉಳಿಸುತ್ತದೆ.

ಥಂಡರ್‌ಬೋಲ್ಟ್ ಮತ್ತು ಯುಎಸ್‌ಬಿ4 ಎರಡೂ ಇದೇ ಕಿಂಡಿಯನ್ನು ಬಳಸುವ ವೇಗದ ಪದ್ಧತಿಗಳು. ಥಂಡರ್‌ಬೋಲ್ಟ್ 4 ಇದ್ದರೆ ಸೆಕೆಂಡಿಗೆ 40 ಗಿಗಾಬಿಟ್ ಹರಿವು ಮತ್ತು ಎರಡು 4ಕೆ ಪರದೆಗಳಿಗೆ ಬೆಂಬಲ ಖಾತ್ರಿ. ಯುಎಸ್‌ಬಿ4ರಲ್ಲಿ 20 ಗಿಗಾಬಿಟ್‌ನವೂ ಇವೆ, 40ರವೂ ಇವೆ. ಸಂಖ್ಯೆ ನೋಡಿಯೇ ಕೊಳ್ಳಿ. ಥಂಡರ್‌ಬೋಲ್ಟ್ 5 ಇದನ್ನು 80ಕ್ಕೆ ಏರಿಸಿದೆ. ಹೆಚ್ಚು ರಿಫ್ರೆಶ್ ದರದ (ಸೆಕೆಂಡಿಗೆ ಹೆಚ್ಚು ಸಲ ಚಿತ್ರ ಹೊಸದಾಗುವ) ಹಲವು ಪರದೆಗಳಿದ್ದವರಿಗೆ ಅದು ಬೇಕಾದೀತು, ಉಳಿದವರಿಗೆ 40 ಧಾರಾಳ.

ಅಗ್ಗದ ಯುಎಸ್‌ಬಿ-ಸಿ ಡಾಕ್ ತಂದು, 4ಕೆ ಪರದೆಯಲ್ಲಿ ಮೌಸ್ ಬಾಣ ತಡವರಿಸುತ್ತ ಚಲಿಸುವುದನ್ನು ನೋಡಿ ಪರದೆಯನ್ನೇ ಬೈಯುವವರನ್ನು ಕಂಡಿದ್ದೇನೆ. ಕಾರಣ ಹೀಗೆ: ಆ ಕೇಬಲಿನಲ್ಲಿ ವೇಗದ ನಾಲ್ಕು ಹಾದಿಗಳಿವೆ. ಡಾಕ್ ಎರಡನ್ನು ಚಿತ್ರಕ್ಕೂ ಎರಡನ್ನು ಯುಎಸ್‌ಬಿ ಸಾಧನಗಳಿಗೂ ಹಂಚುತ್ತದೆ. ಪರದೆಗೆ ಚಿತ್ರ ಕಳಿಸುವ ಡಿಸ್‌ಪ್ಲೇಪೋರ್ಟ್ ಪದ್ಧತಿಯ 1.2 ಆವೃತ್ತಿಯ ಕಾಲದ ಡಾಕ್‌ಗಳಲ್ಲಿ ಎರಡು ಹಾದಿಗಳು 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಹೊಸದಾಗಿಸಬಲ್ಲವು. 1.4ರ ಡಾಕ್ ಮತ್ತು ಅದನ್ನು ಬೆಂಬಲಿಸುವ ಲ್ಯಾಪ್‌ಟಾಪ್ ಇದ್ದರೆ 60 ಸಿಗುತ್ತದೆ. ಹಳೆಯ ಎಚ್‌ಡಿಎಂಐ 1.4ರಲ್ಲೂ 4ಕೆಗೆ ಇದೇ 30ರ ಮಿತಿ, 2.0ದಲ್ಲಿ 60.

ಕೇಬಲುಗಳ ವಿಷಯದಲ್ಲಿ ನನ್ನ ಒಂದು ಅಭ್ಯಾಸ ಹೇಳುತ್ತೇನೆ. ಫೋನ್ ಮತ್ತು ಲ್ಯಾಪ್‌ಟಾಪ್ ಚಾರ್ಜರುಗಳ ಜೊತೆ ಬರುವ ಎಷ್ಟೋ ಯುಎಸ್‌ಬಿ-ಸಿ ಕೇಬಲುಗಳು ಒಳಗೆ ಯುಎಸ್‌ಬಿ 2.0 ಮಾತ್ರ. ಅಂದರೆ ಸೆಕೆಂಡಿಗೆ 480 ಮೆಗಾಬಿಟ್, ಚಿತ್ರ ಸಾಗುವುದೇ ಇಲ್ಲ. ನೋಡಲು ಎಲ್ಲವೂ ಒಂದೇ. ಹಾಗಾಗಿ ಕೇಬಲ್ ಬಂದ ದಿನವೇ ಬಿಳಿ ಪಟ್ಟಿ ಅಂಟಿಸಿ ಅದರ ಮೇಲೆ ವ್ಯಾಟ್ ಮತ್ತು ವೇಗ ಬರೆದಿಡುತ್ತೇನೆ. ಡಾಕಿಗೆ ಅದರೊಡನೆ ಬಂದ ಕೇಬಲನ್ನೇ ಬಳಸಿ.

ಮ್ಯಾಕ್ ಬಳಸುವವರಿಗೆ ಎರಡು ಎಚ್ಚರಿಕೆಯ ಮಾತು. ಎಂ1 ಮತ್ತು ಎಂ2 ಮೂಲ ಚಿಪ್ಪಿನ ಮ್ಯಾಕ್‌ಬುಕ್‌ಗಳು ಹೊರಗಿನ ಒಂದೇ ಪರದೆಯನ್ನು ನಡೆಸುತ್ತವೆ. ಎಂ3 ಏರ್ ಮುಚ್ಚಳ ಮುಚ್ಚಿದಾಗ ಎರಡನ್ನು, ಎಂ4 ಏರ್ ಮುಚ್ಚಳ ತೆರೆದಿದ್ದಾಗಲೂ ಎರಡನ್ನು ನಡೆಸುತ್ತದೆ. ಎರಡನೆಯದು: ಒಂದೇ ಡಿಸ್‌ಪ್ಲೇಪೋರ್ಟ್ ಸಂಕೇತವನ್ನು ಎರಡು ಪರದೆಗೆ ಹಂಚುವ ಎಂಎಸ್‌ಟಿ ವಿಧಾನವನ್ನು ಮ್ಯಾಕ್ ಬೆಂಬಲಿಸುವುದಿಲ್ಲ, ಎರಡರಲ್ಲೂ ಒಂದೇ ಚಿತ್ರ ಕಾಣುತ್ತದೆ. ಡಿಸ್‌ಪ್ಲೇಲಿಂಕ್ ಡಾಕ್‌ಗಳು ಈ ಮಿತಿಗಳನ್ನು ದಾಟುತ್ತವೆ. ಅವು ಚಿತ್ರವನ್ನು ಪ್ರೊಸೆಸರಿನಿಂದ ಕುಗ್ಗಿಸಿ ಯುಎಸ್‌ಬಿ ದತ್ತಾಂಶವಾಗಿ ಕಳಿಸುವುದರಿಂದ ಪತ್ರ, ಪಟ್ಟಿಗಳಿಗೆ ಸರಿ. ಆಟಕ್ಕೂ ಬಣ್ಣದ ಕೆಲಸಕ್ಕೂ ಬೇಡ.

ಎರಡು ಗ್ರಾಫಿಕ್ಸ್ ಚಿಪ್ ಇರುವ ಯಂತ್ರಗಳಲ್ಲಿ ಯಾವ ಪೋರ್ಟು ಯಾವ ಚಿಪ್ಪಿಗೆ ಬೆಸೆದಿದೆ ಎಂದು ತಿಳಿದಿರಬೇಕು. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಫಿಸ್‌ಎಕ್ಸ್ ಪುಟದಲ್ಲಿ ಈ ಜೋಡಣೆಯ ಚಿತ್ರ ಕಾಣುತ್ತದೆ. ಆಟ ಆಡುವವರಿಗೆ ದೊಡ್ಡ ಚಿಪ್ಪಿಗೆ ನೇರ ಬೆಸೆದ ಪೋರ್ಟು ಬೇಕು. ಬರವಣಿಗೆ, ಲೆಕ್ಕಪತ್ರ, ಕೋಡ್ ಇವಷ್ಟೇ ನಿಮ್ಮ ದಿನವಾದರೆ ಪ್ರೊಸೆಸರಿನೊಳಗಿನ ಚಿಕ್ಕ ಗ್ರಾಫಿಕ್ಸಿಗೆ ಬೆಸೆದ ಪೋರ್ಟನ್ನು ಬಳಸಿ. ದೊಡ್ಡ ಚಿಪ್ ಮಲಗಿರುತ್ತದೆ, ಬಿಸಿ ಇಳಿಯುತ್ತದೆ, ಫ್ಯಾನ್ ಸುಮ್ಮನಾಗುತ್ತದೆ. ನನ್ನ ಕೋಣೆಯ ಅರ್ಧ ಗದ್ದಲ ಹೀಗೆ ಪರದೆಯ ಕೇಬಲನ್ನು ಒಂದು ಕಿಂಡಿಯಿಂದ ಇನ್ನೊಂದಕ್ಕೆ ಬದಲಿಸಿದ್ದರಿಂದಲೇ ಹೋಯಿತು.

ಹಂತ 5: ಪರದೆ, ಕೀಬೋರ್ಡ್, ನಿಮ್ಮ ದೇಹ

ಲ್ಯಾಪ್‌ಟಾಪಿನ ಹುಟ್ಟುಗುಣವೇ ಒಂದು ತೊಡಕು: ಪರದೆ ಮತ್ತು ಕೀಬೋರ್ಡ್ ಒಂದಕ್ಕೊಂದು ಅಂಟಿಕೊಂಡಿವೆ. ಕೈಗೆ ಸರಿಯಾದ ಎತ್ತರದಲ್ಲಿಟ್ಟರೆ ಕತ್ತು ಬಾಗುತ್ತದೆ, ಕಣ್ಣಿಗೆ ಸರಿಯಾದ ಎತ್ತರಕ್ಕೇರಿಸಿದರೆ ಭುಜ ಏರುತ್ತದೆ. ಎರಡನ್ನೂ ಬೇರ್ಪಡಿಸುವುದೇ ಪರಿಹಾರ. ಕೈಯಲ್ಲಿ ಹಣ ಕಡಿಮೆಯಿದ್ದರೆ ಡಾಕಿಗಿಂತ ಮೊದಲು ಹೊರಗಿನ ಕೀಬೋರ್ಡ್, ಮೌಸ್ ಮತ್ತು ಲ್ಯಾಪ್‌ಟಾಪನ್ನು ಎತ್ತರಿಸುವ ಒಂದು ಸ್ಟ್ಯಾಂಡ್ ಕೊಳ್ಳಿ.

ಮೊದಲು ಕುರ್ಚಿ ಸರಿಪಡಿಸಿ: ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಆಮೇಲೆ ಕೀಬೋರ್ಡ್: ಭುಜ ಸಡಿಲಬಿಟ್ಟಾಗ ಮೊಣಕೈ ಸುಮಾರು 90 ಡಿಗ್ರಿ ಬಾಗಿರಬೇಕು, ಮಣಿಕಟ್ಟು ನೇರವಿರಬೇಕು. ಕೊನೆಗೆ ಪರದೆ: ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ತುಸು ಕೆಳಗೆ, ದೂರ ಒಂದು ತೋಳಿನಷ್ಟು. ಓದಲೂ ದೂರ ನೋಡಲೂ ಒಂದೇ ಕನ್ನಡಕ ಧರಿಸುವವರು ಇನ್ನಷ್ಟು ಕೆಳಗಿಡಿ. ಇಲ್ಲವಾದರೆ ಗಾಜಿನ ಕೆಳಭಾಗದಿಂದ ನೋಡಲು ಗದ್ದ ಎತ್ತಬೇಕಾಗುತ್ತದೆ. ಈ ಕ್ರಮವನ್ನು ತಿರುಗಿಸಬೇಡಿ. ಪರದೆಯಿಂದ ಶುರುಮಾಡಿದವರು ಮೂರು ಸಲ ಮಾಡುತ್ತಾರೆ.

ಪರದೆಯ ಗಾತ್ರಕ್ಕಿಂತ ಒಂದು ಇಂಚಿನಲ್ಲಿ ಎಷ್ಟು ಚುಕ್ಕೆಗಳಿವೆ ಎಂಬುದು ಕಣ್ಣಿಗೆ ಮುಖ್ಯ. 24 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 92, 27 ಇಂಚಿನ 1440ಪಿಯಲ್ಲಿ 109, 32 ಇಂಚಿನ 4ಕೆಯಲ್ಲಿ 138, 27 ಇಂಚಿನ 4ಕೆಯಲ್ಲಿ 163. ಕನ್ನಡದಲ್ಲಿ ಓದುವವರಿಗೆ, ಬರೆಯುವವರಿಗೆ ಇದು ಇನ್ನೂ ಹೆಚ್ಚು ಮುಖ್ಯ. ಅಕ್ಷರದ ಕೆಳಗೆ ಮುದುಡಿ ಕೂರುವ ಒತ್ತಕ್ಷರಗಳು, ಕೊಂಬಿನ ಸುರುಳಿಗಳು ಕಡಿಮೆ ಚುಕ್ಕೆಯ ಪರದೆಯಲ್ಲಿ ಕಲಸಿಹೋಗುತ್ತವೆ. 27 ಇಂಚಿನ 4ಕೆ ಪರದೆಯನ್ನು 150% ಹಿಗ್ಗಿಸಿ ಬಳಸಲು ತೊಡಗಿದ ಮೇಲೆ ‘ಷ್ಟ’, ‘ಸ್ತ್ರ’ಗಳನ್ನು ಓದಲು ನಾನು ಮುಂದಕ್ಕೆ ಬಾಗುವುದೇ ನಿಂತಿತು. ಕತ್ತು ನೋವಿಗೆ ಅದೂ ಒಂದು ಮದ್ದಾಯಿತು.

ವೈರ್‌ಲೆಸ್ ಮೌಸ್ ಡಾಕಿಗೆ ಚುಚ್ಚಿದಾಗ ಮಾತ್ರ ತಡವರಿಸುತ್ತದೆಯೇ? ಮೌಸ್ ಕೆಟ್ಟಿಲ್ಲ. ಯುಎಸ್‌ಬಿ 3.0 ಸಾಧನಗಳು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತ ರೇಡಿಯೋ ಗದ್ದಲ ಎಬ್ಬಿಸುತ್ತವೆ, ಮೌಸಿನ ಸಂಕೇತವೂ ಅಲ್ಲೇ ಇರುತ್ತದೆ. ಇಂಟೆಲ್ 2012ರಲ್ಲೇ ಈ ಬಗ್ಗೆ ವಿವರವಾದ ವರದಿ ಪ್ರಕಟಿಸಿತ್ತು. ಒಂದು ಯುಎಸ್‌ಬಿ 2.0 ವಿಸ್ತರಣಾ ಕೇಬಲ್ ಹಾಕಿ ರಿಸೀವರನ್ನು ಡಾಕಿನಿಂದ ದೂರ, ಮೌಸಿನ ಹತ್ತಿರ ತನ್ನಿ.

ಹಂತ 6: ಮುಚ್ಚಳ ತೆರೆದಿಡುವುದೋ ಮುಚ್ಚುವುದೋ

ನನ್ನ ಸಲಹೆ ತೆರೆದಿಡುವುದು. ಲ್ಯಾಪ್‌ಟಾಪನ್ನು ಸ್ಟ್ಯಾಂಡ್ ಮೇಲೆ ಪಕ್ಕಕ್ಕಿಟ್ಟರೆ ಎರಡನೆಯ ಪರದೆ, ಕ್ಯಾಮೆರಾ, ಮೈಕ್, ಬೆರಳಚ್ಚು ಗುರುತಿಸುವ ಗುಂಡಿ ಎಲ್ಲವೂ ಕೈಗೆ ಸಿಗುತ್ತವೆ. ಬಿಸಿಯೂ ಸಲೀಸಾಗಿ ಹೊರಹೋಗುತ್ತದೆ. ಮುಚ್ಚಿದರೆ ಇವೆಲ್ಲವನ್ನೂ ಬೇರೆಯಾಗಿ ಕೊಳ್ಳಬೇಕು.

ಮೇಜು ಚಿಕ್ಕದಾಗಿದ್ದು ಮುಚ್ಚಲೇಬೇಕಾದರೆ ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಯ್ಕೆಗಳಿಗೆ ಹೋಗಿ. ಮುಚ್ಚಳ ಮುಚ್ಚಿದಾಗ ಏನಾಗಬೇಕು ಎಂಬಲ್ಲಿ ಎರಡು ಸಾಲುಗಳಿವೆ: ಬ್ಯಾಟರಿಯಲ್ಲಿದ್ದಾಗ, ವಿದ್ಯುತ್ತಿಗೆ ಜೋಡಿಸಿದ್ದಾಗ. ಎರಡನೆಯದನ್ನು ಮಾತ್ರ ‘ಏನೂ ಮಾಡಬೇಡ’ ಎಂದು ಬದಲಿಸಿ. ಮೊದಲನೆಯದನ್ನೂ ಬದಲಿಸಿದರೆ, ಮುಚ್ಚಿ ಚೀಲಕ್ಕೆ ಹಾಕಿದ ಯಂತ್ರ ಒಳಗೇ ಎಚ್ಚರವಾಗಿದ್ದು ಬೇಯುತ್ತದೆ. ಮ್ಯಾಕ್‌ಗೆ ಚಾರ್ಜರ್, ಹೊರಗಿನ ಪರದೆ, ಕೀಬೋರ್ಡ್, ಮೌಸ್ ಜೋಡಿಸಿದ್ದರೆ ಮುಚ್ಚಿದರೂ ಕೆಲಸ ಮುಂದುವರಿಯುತ್ತದೆ. ಲಿನಕ್ಸ್‌ನ ಹೆಚ್ಚಿನ ವಿತರಣೆಗಳೂ ಹೊರಗಿನ ಪರದೆ ಇರುವಾಗ ನಿದ್ರೆಗೆ ಜಾರುವುದಿಲ್ಲ.

ವಿಂಡೋಸ್ 11ರ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ, ಪರದೆ ಜೋಡಿಸಿದಾಗ ತೆರೆದಿದ್ದ ತಂತ್ರಾಂಶಗಳ ಕಿಟಕಿಗಳು ತಮ್ಮ ಹಿಂದಿನ ಜಾಗಕ್ಕೆ ಮರಳುವ ಆಯ್ಕೆ ಇದೆ. ಅದನ್ನು ಹಚ್ಚಿಡಿ. ಎದ್ದು ಹೋಗಿ ಬಂದಾಗ ಮೇಜು ನೀವು ಬಿಟ್ಟಂತೆಯೇ ಇರಬೇಕು.

ಹಂತ 7: ಬಿಸಿಯನ್ನು ಪಳಗಿಸಿ

ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಸುಟ್ಟುಹೋಗದಂತೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಇದಕ್ಕೆ ಥ್ರಾಟ್ಲಿಂಗ್ ಎನ್ನುತ್ತಾರೆ. ಕ್ಷಣಕಾಲ 95 ಮುಟ್ಟಿದರೆ ಗಾಬರಿ ಬೇಡ. ಭಾರದ ಕೆಲಸದಲ್ಲಿ ಅರ್ಧ ಗಂಟೆ ಅಲ್ಲೇ ನಿಂತಿದ್ದರೆ ಏನಾದರೂ ಮಾಡಬೇಕು.

ಮೊದಲು ಮಾಡಬೇಕಾದದ್ದು ಯಂತ್ರದ ಹಿಂಭಾಗವನ್ನು ಎರಡು ಮೂರು ಸೆಂಟಿಮೀಟರ್ ಎತ್ತುವುದು. ಹೊಟ್ಟೆಯ ಕಿಂಡಿಗಳಿಂದ ಗಾಳಿ ಎಳೆಯುವ ಲ್ಯಾಪ್‌ಟಾಪಿಗೆ ಮೇಜಿನ ಹಲಗೆ ಬಾಯಿಗೆ ಒತ್ತಿ ಹಿಡಿದ ಕೈಯಿದ್ದಂತೆ. ಫ್ಯಾನುಳ್ಳ ಕೂಲಿಂಗ್ ಪ್ಯಾಡ್ ಕೊಳ್ಳುವ ಮುನ್ನ ಬರಿಯ ಸ್ಟ್ಯಾಂಡ್ ಹಾಕಿ ಅಳೆದು ನೋಡಿ; ಎಷ್ಟೋ ಸಲ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ. ಲ್ಯಾಪ್‌ಟಾಪನ್ನು ಪುಸ್ತಕದಂತೆ ನಿಲ್ಲಿಸುವ ಸ್ಟ್ಯಾಂಡ್ ಬಳಸುವವರು ಗಾಳಿ ಬಿಡುವ ಅಂಚು ಕೆಳಮುಖವಾಗದಂತೆ ನೋಡಿಕೊಳ್ಳಿ.

ಎರಡನೆಯದು ತಯಾರಕರ ತಂತ್ರಾಂಶದಲ್ಲಿರುವ ಕಾರ್ಯವಿಧಾನಗಳು. ಸದಾ ಗರಿಷ್ಠ ವೇಗದಲ್ಲಿ ಇಡಬೇಡಿ. ದಿನದ ಕೆಲಸಕ್ಕೆ ಮಧ್ಯಮ ಅಥವಾ ಮೌನ ವಿಧಾನ, ರೆಂಡರಿಂಗ್ ಹೊತ್ತಿನಲ್ಲಷ್ಟೇ ಗರಿಷ್ಠ. ಕೊನೆಯ 5% ವೇಗಕ್ಕಾಗಿ ಪ್ರೊಸೆಸರ್ ಅದಕ್ಕೆ ಎಷ್ಟೋ ಪಟ್ಟು ಹೆಚ್ಚಿನ ಪಾಲು ವಿದ್ಯುತ್ ಕುಡಿಯುತ್ತದೆ, ಏಕೆಂದರೆ ಆವರ್ತನ ಏರಿದಂತೆ ವೋಲ್ಟೇಜೂ ಏರಬೇಕು, ಮತ್ತು ಬಳಕೆಯಾಗುವ ವಿದ್ಯುತ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಆ ಕೊನೆಯ ಚೂರನ್ನು ಬಿಟ್ಟುಕೊಟ್ಟರೆ ಕೋಣೆ ಶಾಂತವಾಗುತ್ತದೆ. ಈ ವ್ಯಾಪಾರ ನನಗೆ ಯಾವಾಗಲೂ ಲಾಭದ್ದೇ.

ಹಂತ 8: ಬ್ಯಾಟರಿಯನ್ನು 80ಕ್ಕೆ ನಿಲ್ಲಿಸಿ

ಲಿಥಿಯಂ-ಅಯಾನ್ ಬ್ಯಾಟರಿಯ ಇಬ್ಬರು ಶತ್ರುಗಳು ಬಿಸಿ ಮತ್ತು ತುಂಬಿದ ಹೊಟ್ಟೆ. ಡೆಸ್ಕ್‌ಟಾಪಿನಂತೆ ಬಳಸುವ ಲ್ಯಾಪ್‌ಟಾಪಿಗೆ ಎರಡೂ ಒಟ್ಟಿಗೆ ಕಾಡುತ್ತವೆ: ದಿನವಿಡೀ 100% ತುಂಬಿದ್ದು, ಪಕ್ಕದಲ್ಲೇ ಪ್ರೊಸೆಸರ್ ಕುದಿಯುತ್ತಿರುತ್ತದೆ. ಆದ್ದರಿಂದ ತಯಾರಕರ ತಂತ್ರಾಂಶದಲ್ಲೋ ಬಯಾಸ್‌ನಲ್ಲೋ (ಯಂತ್ರ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್ಸ್) 80%, ಸಾಧ್ಯವಿದ್ದರೆ 60%, ಮಿತಿ ಹಾಕಿ. ಪ್ರಯಾಣದ ಹಿಂದಿನ ರಾತ್ರಿ ಮಾತ್ರ ಪೂರ್ತಿ ತುಂಬಿಸಿ. ಮೊದಲ ಯಂತ್ರಕ್ಕೆ ನಾನು ಈ ಮಿತಿ ಹಾಕಿರಲಿಲ್ಲ. ಎರಡು ವರ್ಷ ತುಂಬುವಷ್ಟರಲ್ಲಿ ಬ್ಯಾಟರಿ ಉಬ್ಬಿ ಟಚ್‌ಪ್ಯಾಡನ್ನು ಮೇಲಕ್ಕೆ ತಳ್ಳಿತ್ತು.

ಬ್ಯಾಟರಿಯೇ ಒಂದು ಯುಪಿಎಸ್ ಎಂದು ಅನೇಕರು ಸಮಾಧಾನ ಪಡುತ್ತಾರೆ, ಅದು ಅರ್ಧ ನಿಜ. ವಿದ್ಯುತ್ ಹೋದಾಗ ಲ್ಯಾಪ್‌ಟಾಪ್ ಉಳಿಯುತ್ತದೆ. ಪರದೆ, ಡಾಕ್, ರೂಟರ್ ಆರಿಹೋಗುತ್ತವೆ. ಡಾಕಿಗೆ ಚುಚ್ಚಿದ್ದ ಹೊರಗಿನ ಡಿಸ್ಕಿನ ಮೇಲೆ ಆ ಕ್ಷಣ ಬರೆಯುತ್ತಿದ್ದ ಕಡತ ಹಾಳಾಗಬಹುದು. ಡಾಕ್ ಮತ್ತು ರೂಟರಿಗೆ ಒಂದು ಚಿಕ್ಕ ಯುಪಿಎಸ್ ಸಾಕು.

ಹಂತ 9: ಜಾಲ, ಕಡತ, ಕಳವು

ಡಾಕಿಗೆ ಈಥರ್ನೆಟ್ ಕೇಬಲ್ ಹಾಕಿ. ವಿಡಿಯೋ ಕರೆಯಲ್ಲಿ ಮಾತು ತುಂಡಾಗುವುದು ನಿಲ್ಲುತ್ತದೆ.

ಡೆಸ್ಕ್‌ಟಾಪ್ ಪೆಟ್ಟಿಗೆಯನ್ನು ಯಾರೂ ರೈಲಿನಲ್ಲಿ ಮರೆತು ಬರುವುದಿಲ್ಲ, ಲ್ಯಾಪ್‌ಟಾಪನ್ನು ಮರೆಯುತ್ತಾರೆ. ನಿಮ್ಮ ಏಕೈಕ ಯಂತ್ರ ಹೊರಗೆ ತಿರುಗಾಡುವುದರಿಂದ ಬ್ಯಾಕಪ್ ವಿಷಯದಲ್ಲಿ ಮೊದಲಿಗಿಂತ ಕಟ್ಟುನಿಟ್ಟಾಗಿರಿ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ. ಮೇಜಿನ ಡಾಕಿಗೆ ಸದಾ ಚುಚ್ಚಿದ ಒಂದು ಡಿಸ್ಕ್ ಇದ್ದರೆ ಬಂದು ಕೂತಾಗಲೆಲ್ಲ ಬ್ಯಾಕಪ್ ತಾನಾಗಿ ನಡೆಯುತ್ತದೆ. ಏಳುವಾಗ ಆ ಡಿಸ್ಕನ್ನು ಎಜೆಕ್ಟ್ ಮಾಡಿಯೇ ತಂತಿ ಕೀಳಿ. ವಿಂಡೋಸ್‌ನ ಬಿಟ್‌ಲಾಕರ್ ಅಥವಾ ಮ್ಯಾಕ್‌ನ ಫೈಲ್‌ವಾಲ್ಟ್ ಹಚ್ಚಿ ಇಡೀ ಡಿಸ್ಕನ್ನು ಗೂಢಲಿಪಿಗೆ ತಿರುಗಿಸಿ, ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು ಬೇರೆಡೆ ಇಡಿ. ಅದೇ ಲ್ಯಾಪ್‌ಟಾಪಿನಲ್ಲಿ ಉಳಿಸಿಟ್ಟ ಕೀ ಬೀಗದೊಳಗೆ ಬಿಟ್ಟ ಬೀಗದಕೈ.

ಹಂತ 10: ಕೂತು ಎದ್ದು ಪರೀಕ್ಷಿಸಿ, ಆಮೇಲೆ ಕಾಪಾಡಿಕೊಳ್ಳಿ

ಎಲ್ಲ ಜೋಡಿಸಿದ ಮೇಲೆ ಗಡಿಯಾರ ಹಿಡಿದು ನೋಡಿ. ಚೀಲದಿಂದ ತೆಗೆದು, ಸ್ಟ್ಯಾಂಡ್ ಮೇಲಿಟ್ಟು, ಎರಡು ತಂತಿ ಚುಚ್ಚಿ, ಮೊದಲ ಅಕ್ಷರ ಒತ್ತುವವರೆಗೆ ಎಷ್ಟು ಹೊತ್ತು? ಅರ್ಧ ನಿಮಿಷ ದಾಟಿದರೆ ಎಲ್ಲೋ ಏನೋ ಸಿಕ್ಕಿಕೊಂಡಿದೆ. ಸಾಮಾನ್ಯವಾಗಿ ತಂತಿಯ ತುದಿ ಮೇಜಿನ ಹಿಂದೆ ಬಿದ್ದುಹೋಗಿರುತ್ತದೆ. ಎರಡೂ ತುದಿಗಳನ್ನು ಮೇಜಿನ ಅಂಚಿಗೆ ಕ್ಲಿಪ್ ಹಾಕಿ ಸದಾ ಒಂದೇ ಜಾಗದಲ್ಲಿ ನಿಲ್ಲಿಸಿ. ಆಮೇಲೆ ಒಂದು ವಾರ ಎಂದಿನಂತೆ ಕೆಲಸ ಮಾಡಿ. ವಾರದ ಕೊನೆಗೆ ಸ್ಟ್ಯಾಂಡ್ ಬಿಟ್ಟು ಬರಿಯ ಲ್ಯಾಪ್‌ಟಾಪಿನಲ್ಲಿ ಎಷ್ಟು ಹೊತ್ತು ಕಳೆದಿರಿ ಎಂದು ನೆನಪಿಸಿಕೊಂಡರೆ ಮೇಜು ಸರಿಯಾಗಿದೆಯೋ ಇಲ್ಲವೋ ತಿಳಿಯುತ್ತದೆ.

ಆರು ತಿಂಗಳಿಗೊಮ್ಮೆ ಧೂಳು ತೆಗೆಯಿರಿ. ಯಂತ್ರ ಆರಿಸಿ, ಫ್ಯಾನಿನ ರೆಕ್ಕೆ ತಿರುಗದಂತೆ ಕಡ್ಡಿಯಿಂದ ತಡೆಹಿಡಿದು, ಒತ್ತಡದ ಗಾಳಿಯನ್ನು ಚಿಕ್ಕ ಚಿಕ್ಕ ಬೀಸುಗಳಲ್ಲಿ ಬಿಡಿ. ರೆಕ್ಕೆಯನ್ನು ಬಿಟ್ಟರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಕೆಡಬಹುದು. ಧೂಳು ತೆಗೆದರೂ ಬಿಸಿ ಮೊದಲಿನಂತೆ ಇಳಿಯದಿದ್ದರೆ ಚಿಪ್ಪಿನ ಬಿಸಿಯನ್ನು ಹೊರಸಾಗಿಸುವ ಥರ್ಮಲ್ ಪೇಸ್ಟ್ ಒಣಗಿರಬಹುದು, ಆಗ ಅದನ್ನು ಬದಲಿಸಬೇಕು. ನಿಮ್ಮ ಯಂತ್ರದಲ್ಲಿ ಪೇಸ್ಟಿನ ಬದಲು ದ್ರವಲೋಹ ಇದ್ದರೆ ಮನೆಯಲ್ಲಿ ಬಿಚ್ಚಬೇಡಿ. ಅದು ವಿದ್ಯುತ್ ಹರಿಸುವ ವಸ್ತು, ಒಂದು ಹನಿ ಜಾರಿದರೆ ಬೋರ್ಡು ಹೋಗುತ್ತದೆ.

ತಿಂಗಳಿಗೊಮ್ಮೆ ಲ್ಯಾಪ್‌ಟಾಪನ್ನು ಸಮತಟ್ಟಾದ ಜಾಗದಲ್ಲಿಟ್ಟು ಪಕ್ಕದಿಂದ ನೋಡಿ. ಅಲ್ಲಾಡುತ್ತಿದೆಯೇ, ಟಚ್‌ಪ್ಯಾಡ್ ಒತ್ತಲು ಬಿಗಿಯಾಗಿದೆಯೇ, ತಳದ ಹಲಗೆ ಅಂಚಿನಲ್ಲಿ ಬಾಯಿಬಿಟ್ಟಿದೆಯೇ? ಇದ್ದರೆ ಅದು ಉಬ್ಬಿದ ಬ್ಯಾಟರಿ. ಆ ಕ್ಷಣವೇ ಯಂತ್ರವನ್ನು ಆರಿಸಿ, ಚಾರ್ಜರ್ ಕೀಳಿ. ಒತ್ತಿ ಒಳಗೆ ಕೂರಿಸಲು ಹೋಗಬೇಡಿ, ಚುಚ್ಚಬೇಡಿ. ಸುಡುವ ವಸ್ತುಗಳಿಂದ ದೂರವಿಟ್ಟು, ಬ್ಯಾಟರಿ ಬದಲಿಸುವ ತಂತ್ರಜ್ಞರ ಬಳಿಗೆ ಒಯ್ಯಿರಿ.